ಅಳತೆಪಟ್ಟಿ

ಮೊದಲು ಅದು
ನನ್ನ ಕಾಫಿ ಲೋಟದಡಿ ಪೂರ್ತಿ ಮುಚ್ಚಿಹೋಗುವ ದೇಶ.
ಲೋಟ ಎತ್ತಿದರೆ ಕಂದು ಬಳೆಯೊಳಗೆ
ಒಂದು ನದಿ, ಎರಡು ಪಟ್ಟಣ, ಮಿಕ್ಕಿದ್ದೆಲ್ಲ ಹಸಿರು.
ಹೆಸರನ್ನು ಮೂರು ಹಾಳೆಯಲ್ಲಿ ಮೂರು ಥರ ಬರೆದಿದ್ದೆವು,
ತಿದ್ದಿರೆಂದು ಯಾರೂ ಕೇಳಲಿಲ್ಲ.

ಸೇಂಟ್ ಲೂಯಿಯ ನಕಾಶೆ ಕಚೇರಿ, ಮೂರನೇ ಮಹಡಿ;
ಕಿಟಕಿಯಾಚೆ ಬಿಯರ್ ಭಟ್ಟಿಯ ಹುಳಿವಾಸನೆ,
ಅದರಾಚೆ ಮಿಸಿಸಿಪ್ಪಿ, ಗಬ್ಬದ ಎಮ್ಮೆಯಷ್ಟು ನಿಧಾನ.
ನನ್ನ ಕೆಲಸ ಗುಡ್ಡಗಳಿಗೆ ಗೆರೆ ಸುತ್ತುವುದು.

ವಾಷಿಂಗ್ಟನ್ನಿನಿಂದ ಒಂದು ಚೀಟಿ ಬಂತು:
ಇನ್ನೊಂಚೂರು ದೊಡ್ಡದಾಗಿ ಬರೆದುಕೊಡಿ.
"ಹನ್ನೆರಡು ಮಂದಿ ಹೋಗಿದ್ದಾರಂತೆ, ಬರೀ ಬುದ್ಧಿ ಹೇಳೋಕೆ"
ಅಂದ ಮೇಲ್ವಿಚಾರಕ ಓವರ್‌ಬೆಕ್, ಆರಿದ ಪೈಪು ಕಚ್ಚಿಕೊಂಡು.
ಬುದ್ಧಿ ಹೇಳುವವರಿಗೂ ದಾರಿ ಗೊತ್ತಿರಬೇಕಲ್ಲ.
ದಾರಿ ಬರೆದೆ.

ಆ ಹನ್ನೆರಡು ಮಂದಿಗೆ ರೊಟ್ಟಿ, ಔಷಧ ಇಳಿಸಲು ಒಂದು ವಿಮಾನಪಟ್ಟಿ.
ಪಟ್ಟಿ ಕಾಯಲು ಇನ್ನೂರು.
ಇನ್ನೂರು ಜನರ ನೆತ್ತಿಯ ಮೇಲೇ ಒಂದು ಗುಡ್ಡ;
ಹತ್ತಿದವರಿಗೆ ಅದರ ಬೆನ್ನ ಹಿಂದೇನಿದೆ ಎಂಬ ದಿಗಿಲು.
ಬೆನ್ನ ಹಿಂದೆ, ಮತ್ತೇನು, ಇನ್ನೊಂದು ಗುಡ್ಡ.
ಸೂಜಿಯ ಹಿಂದೆ ದಾರ ಹೋಗುವುದು ಸರಿ,
ದಾರದ ಹಿಂದೆ ಮಗ್ಗವೇ ಹೊರಟಿತ್ತು.

ಯುದ್ಧ ಅಂತ ಯಾರೂ ಅನ್ನಲಿಲ್ಲ, ನನ್ನ ಕಿವಿಗೆ ಬಿದ್ದ ಮಟ್ಟಿಗೆ.
ಬಿದ್ದದ್ದು: ಕೊಟ್ಟ ಮಾತು. ಈ ಬೇಸಿಗೆಯೊಳಗೆ.
ಈಗ ಬಿಟ್ಟು ಬಂದರೆ ಜನ ಏನಂದಾರು.

ನನ್ನ ಗಂಡ ಡೆಲ್ಮರ್ ಒಮ್ಮೆ ಪಕ್ಕದ ಮನೆಗೆ ಏಣಿ ಕೊಟ್ಟ.
ಏಣಿ ಅಲ್ಲಾಡುತ್ತಿದೆ ಅಂತ ಹಿಡಿದು ನಿಂತ.
ಮೇಲಿದ್ದವನಿಗೆ ಸುತ್ತಿಗೆ ಹಿಡಿಯಲು ಬರದು ಅಂತ ತಾನೇ ಹತ್ತಿದ.
ಪರರ ಮಾಡಿನಿಂದ ಬಿದ್ದು ಸೊಂಟ ಮುರಿದುಕೊಂಡಾಗ
ಆ ಮನೆಯವರು ಒಳಗೆ ಊಟಕ್ಕೆ ಕೂತಿದ್ದರು.
ಬುತ್ತಿ ಬಿಚ್ಚುವ ಹೊತ್ತಿಗೆ ಇದನ್ನು ಹೇಳಿದೆ, ಎಲ್ಲರೂ ನಕ್ಕರು.
ಓವರ್‌ಬೆಕ್ ನಗಲಿಲ್ಲ.
ಅವನ ಮಗನಿಗೆ ಆ ವಾರ ಹತ್ತೊಂಬತ್ತು ತುಂಬಿತ್ತು.

ದೇಶ ಮೇಜಿಗೆ ಹಿಡಿಸದಾಯಿತು.
ನಾಲ್ಕು ಮೇಜು ಜೋಡಿಸಿದೆವು, ಆಮೇಲೆ ನೆಲಕ್ಕಿಳಿಸಿದೆವು.
ಶೂ ಕಳಚಿ, ಬರೀ ಕಾಲುಚೀಲದಲ್ಲಿ
ಗದ್ದೆಗಳ ಮೇಲೆ ಮಂಡಿಯೂರಿ ಬರೆದೆ.
ವಿಮಾನದಿಂದ ತೆಗೆದ ಫೋಟೋಗೆ ಭೂತಗನ್ನಡಿ ಹಿಡಿದರೆ
ಬಾವಿ ಕಾಣುತ್ತಿತ್ತು, ಬಾವಿಯ ಪಕ್ಕ ಹಗ್ಗ,
ಹಗ್ಗದ ಮೇಲೆ ಬಟ್ಟೆ. ಚಿಕ್ಕದು, ಮಗುವಿನದಿರಬೇಕು.
ಬಾವಿಗೆ ಗುರುತಿದೆ.
ಒಣಹಾಕಿದ ಬಟ್ಟೆಗೆ ನಮ್ಮ ಪುಸ್ತಕದಲ್ಲಿ ಗುರುತಿಲ್ಲ.
ಮನೆಗೊಂದು ಕಪ್ಪು ಚೌಕ, ಒಟ್ಟು ಮೂವತ್ತೊಂದು.
ಮುಂದಿನ ತಿಂಗಳ ಫೋಟೋ ಬಂದಾಗ
ಇಪ್ಪತ್ತಾರರ ಕಪ್ಪು ಕೆರೆದು ತೆಗೆಯಬೇಕಾಯಿತು.
ಟೊಳ್ಳು ಚೌಕ ಅಂದರೆ ಪಾಳು.
ಬ್ಲೇಡಿನಿಂದ ಹುಷಾರಾಗಿ ಕೆರೆದೆ, ಕಾಗದ ಹರಿಯಬಾರದು.

ಇವತ್ತು ಏನು ಮಾಡಿದೆ, ಡೆಲ್ಮರ್ ಕೇಳುತ್ತಿದ್ದ, ಮಲಗಿದಲ್ಲಿಂದಲೇ.
ಗೆರೆ, ಅನ್ನುತ್ತಿದ್ದೆ.

ನವೆಂಬರಿನ ಒಂದು ಬೆಳಗ್ಗೆ ಓವರ್‌ಬೆಕ್ ಹ್ಯಾಟು ತೆಗೆಯದೆ ಒಳಬಂದ.
ಕೈಯಲ್ಲಿ ತಂತಿ. ಒಂದು ಊರು ಹುಡುಕಿಕೊಡು ಅಂದ,
ಒಂದೊಂದೇ ಅಕ್ಷರ ಹೇಳಿದ.
ಹುಡುಕಬೇಕಿರಲಿಲ್ಲ, ನಾನೇ ಬರೆದದ್ದು.
ತಂತಿಯಲ್ಲಿ ಕೊನೆಯ ಅಕ್ಷರ ಬೇರೆಯಿತ್ತು;
ನಾವಿನ್ನೂ ತಿದ್ದಿರಲಿಲ್ಲ.
ಅವನೂ ಮಂಡಿಯೂರಿದ. ಹೆಬ್ಬೆರಳಿಟ್ಟ.
ಬಾವಿ, ಚೌಕಗಳು, ಹೆಸರು
ಎಲ್ಲ ಅದರಡಿ ಹೋದವು.

"ಇಲ್ಲಿಂದ ಎಷ್ಟು ದೂರ?" ಕೇಳಿದ.

ಹಾಳೆಯ ಕೆಳಗೆ ಅಳತೆಪಟ್ಟಿ ಇತ್ತು,
ಎರಡು ಮೈಲಿಯ ತನಕ ಅಳೆಯುವಂಥದ್ದು.
ಉತ್ತರಕ್ಕೊಂದು ಹಳ್ಳ, ದಕ್ಷಿಣಕ್ಕೆ ಆ ಗುಡ್ಡ,
ಆಮೇಲೆ ಅಂಚು, ಬಿಳಿ ಕಾಗದ.
ಅವನ ಇಲ್ಲಿ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.